ಬ್ಯಾಳಿ ಕಟ್ಟು ಊಟವಲ್ಲ: ಆರು ತಿಂಗಳ ಕೂಸಿಗೆ ಊಟ ಹಚ್ಚುವ ಪೂರ್ತಿ ಕ್ರಮ

ತಾಯಿ ಕಾರ್ಡಿನಲ್ಲಿ (ಕೂಸಿನ ತೂಕ, ಲಸಿಕೆ ಬರೆಯುವ ಕಾರ್ಡು) ಆರು ತಿಂಗಳವರೆಗೆ ನೆಟ್ಟಗೆ ಏರುತ್ತಿದ್ದ ತೂಕದ ಗೆರೆ ಏಳು, ಎಂಟಕ್ಕೆ ಬರುವಷ್ಟರಲ್ಲಿ ಅಡ್ಡ ಮಲಗಿರುತ್ತದೆ. "ಊಟಾ ಹಚ್ಚೇವಲ್ರೀ, ದಿನಾ ಮೂರ ಹೊತ್ತು ಉಣಸ್ತೇನಿ" ಎನ್ನುತ್ತಾಳೆ ತಾಯಿ. ಆಕೆ ಹೇಳುವುದು ಸುಳ್ಳಲ್ಲ. ಏನು ಉಣಿಸುತ್ತೀಯವ್ವಾ ಎಂದು ಕೇಳಿ ನೋಡಿ: ನವಲಗುಂದದ ಹಳ್ಳಿಯಲ್ಲೂ, ರಾಣೇಬೆನ್ನೂರಿನಲ್ಲೂ, ಹುಬ್ಬಳ್ಳಿಯ ಮೂರನೇ ಮಹಡಿಯ ಮನೆಯಲ್ಲೂ ಉತ್ತರ ಒಂದೇ. ಬ್ಯಾಳಿ ಕಟ್ಟು (ಬೇಯಿಸಿದ ಬೇಳೆಯ ಮೇಲಿನ ತಿಳಿನೀರು), ಅನ್ನದ ತಿಳಿ, ಚಹಾದಲ್ಲಿ ಅದ್ದಿದ ಬಿಸ್ಕೀಟು. ಕೂಸಿನ ಹೊಟ್ಟೆ ತುಂಬುತ್ತದೆ, ಆದರೆ ನೀರಿನಿಂದ.

ನಾನೂ ಇದನ್ನೇ ಮಾಡಿದವಳು. ಮೊದಲ ಮಗಳಿಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಸೋಸಿದ ನೀರನ್ನು ಎರಡು ತಿಂಗಳು ಕುಡಿಸಿದೆ. ಸತ್ವವೆಲ್ಲ ಜರಡಿಯಲ್ಲೇ ಉಳಿಯುತ್ತಿತ್ತು, ಅದನ್ನು ನಾನು ತಿನ್ನುತ್ತಿದ್ದೆ!

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ದಿನ ತುಂಬುವ ಮೊದಲೇ ಹುಟ್ಟಿದ, ಹುಟ್ಟಿದಾಗ 2.5 ಕೆಜಿಗಿಂತ ಕಡಿಮೆ ತೂಗಿದ, ಅಥವಾ ಹೃದಯದ ತೊಂದರೆ ಇರುವ ಕೂಸುಗಳ ಲೆಕ್ಕ ಬೇರೆ. ಅವಕ್ಕೆ ಮಕ್ಕಳ ಡಾಕ್ಟರು ಹೇಳಿದ್ದೇ ಆಗಬೇಕು.

ಹಂತ 1: ಮೊದಲು ತಾಯಿಯ ತಾಟು ನೋಡಿ

ಕೂಸಿನ ಊಟದ ಮಾತಿನಲ್ಲಿ ತಾಯಿಯ ಊಟ ಯಾಕೆ ಎನ್ನಬೇಡಿ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ. ಅಲ್ಲಿ ಅಂಟಿನುಂಡಿ, ಅಳವಿ ಪಾಯಸ, ಬಿಸಿ ಅನ್ನಕ್ಕೆ ಕೈತುಂಬ ತುಪ್ಪ. ಮೂರೋ ಐದೋ ತಿಂಗಳಿಗೆ ತೊಟ್ಟಿಲು ಸಮೇತ ಗಂಡನ ಮನೆಗೆ ಬಂದಳೆಂದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಪಾಳಿ. ರೊಟ್ಟಿ ಇದ್ದರೆ ಪಲ್ಯ ಇಲ್ಲ, ಪಲ್ಯ ಇದ್ದರೆ ರೊಟ್ಟಿ ಇಲ್ಲ. ಹತ್ತಿಯ ಹಂಗಾಮಿದ್ದರೆ ಹೊಲದ ಕೆಲಸವೂ ಸೇರಿತು. ಅಂದರೆ ಕೂಸಿಗೆ ಊಟ ಹಚ್ಚುವ ಹೊತ್ತಿಗೇ ತಾಯಿಯ ಊಟ ಇಳಿದಿರುತ್ತದೆ.

ಆರರಿಂದ ಹನ್ನೆರಡು ತಿಂಗಳವರೆಗೂ ಕೂಸಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಎದೆಹಾಲಿನಿಂದಲೇ ಬರಬೇಕು. ಅದಕ್ಕಾಗಿ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲರಿ, ಆಮೇಲಿನ ಆರು ತಿಂಗಳು 520 ಕ್ಯಾಲರಿ ಹೆಚ್ಚಿಗೆ ಬೇಕು. ನಮ್ಮ ತಾಟಿನ ಲೆಕ್ಕದಲ್ಲಿ ಇದು ಎರಡು ಜೋಳದ ರೊಟ್ಟಿ, ಒಂದು ವಾಟಗ (ಬಟ್ಟಲು) ಗಟ್ಟಿ ಬ್ಯಾಳಿ, ಮೇಲೊಂದು ಮುಷ್ಟಿ ಶೇಂಗಾ. ಇದು ಮೊದಲು ಉಣ್ಣುತ್ತಿದ್ದುದರ ಬದಲಿಗಲ್ಲ, ಅದರ ಮೇಲೆ.

ಕಬ್ಬಿಣದ ಗುಳಿಗೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಬಹಳ ಮಂದಿ ಕೂಸು ಕೈಗೆ ಬಂದ ವಾರಕ್ಕೇ ಬಿಡುತ್ತಾರೆ. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಗುಳಿಗೆ ನುಂಗಿ ಹಿಂದೆಯೇ ಚಹಾ ಕುಡಿಯುವುದು. ಚಹಾ ಕಬ್ಬಿಣವನ್ನು ಹಿಡಿದಿಡುತ್ತದೆ, ನಡುವೆ ಒಂದೆರಡು ತಾಸು ಇರಲಿ. ಇನ್ನೊಂದು, ಕ್ಯಾಲ್ಸಿಯಂ ಗುಳಿಗೆಯನ್ನೂ ಅದರ ಜೊತೆಗೇ ನುಂಗುವುದು. ಕ್ಯಾಲ್ಸಿಯಂ ಮುಂಜಾನೆ, ಕಬ್ಬಿಣ ರಾತ್ರಿ ಉಂಡ ಮೇಲೆ ಎಂದು ಹಂಚಿಬಿಡಿ.

"ಬಾಣಂತಿ ನೀರ ಕುಡದ್ರ ಕೂಸಿಗೆ ಶೀತ" ಎನ್ನುವ ಮಾತು ಇನ್ನೂ ಸತ್ತಿಲ್ಲ. ನೀರು ಕುಡಿಯಲಿ, ಪಲ್ಯ ತಿನ್ನಲಿ. ಈ ಮಾತನ್ನು ಸೊಸೆಗೆ ಹೇಳಿ ಉಪಯೋಗವಿಲ್ಲ, ಸೌಟು ಅತ್ತೆಯ ಕೈಯಲ್ಲಿರುತ್ತದೆ. ಅತ್ತೆಗೆ ಹೇಳಬೇಕು, ಅದೂ ಸೊಸೆಯ ಎದುರಿಗಲ್ಲ.

ಹಂತ 2: ದಿನ ಎಣಿಸಿ

"ಆರರಾಗ ಬಿದ್ದೈತ್ರಿ" ಅಂದರೆ ಐದು ತಿಂಗಳು ಮುಗಿದಿದೆ ಎಂದರ್ಥ. ಬೇಕಾದದ್ದು ಆರು ತುಂಬುವುದು, ಅಂದರೆ 180 ದಿನ. ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟುಕೊಳ್ಳಿ.

ಅನ್ನಪ್ರಾಶನಕ್ಕೆ ಹೆಣ್ಣಿಗೆ ಬೆಸ ತಿಂಗಳು, ಗಂಡಿಗೆ ಸರಿ ತಿಂಗಳು ಎಂದು ನೋಡುವ ಮನೆಗಳಿವೆ. ಹೆಣ್ಣು ಕೂಸಾದರೆ ಏಳು ಹತ್ತಿದ ಕೂಡಲೇ ಮಾಡಿ, ಸರಿಯಾಗಿ ಹೊಂದುತ್ತದೆ. ಗಂಡಿಗೆಂದು ಎಂಟನೇ ತಿಂಗಳ ತನಕ ಕಾದರೆ ತಡವಾಯಿತು. ಶಾಸ್ತ್ರ ಬೇಕಿದ್ದರೆ ಎಂಟರಲ್ಲಿ ಮಾಡಿ, ಊಟ ಮಾತ್ರ ಆರು ತುಂಬಿದ ಮರುದಿನವೇ ಶುರುವಾಗಲಿ.

ಕುತ್ತಿಗೆ ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು, ನಿಮ್ಮ ಕೈಯಲ್ಲಿರುವ ರೊಟ್ಟಿ ಚೂರಿಗೆ ತಾನೇ ಕೈ ಚಾಚಬೇಕು. ನಾಲ್ಕನೇ ತಿಂಗಳಿಗೆ ಮುಷ್ಟಿ ಚೀಪುವುದು ಹಸಿವಿನ ಗುರುತಲ್ಲ, ಆ ವಯಸ್ಸಿನ ಎಲ್ಲ ಕೂಸುಗಳೂ ಚೀಪುತ್ತವೆ.

ಹಂತ 3: ಸಾಮಾನು

250 ಎಂಎಲ್ ಹಿಡಿಯುವ ಸ್ಟೀಲ್ ವಾಟಗ ಒಂದು. ಅಂಚು ಚೂಪಿಲ್ಲದ ಸಣ್ಣ ಚಮಚ. ಹಿಟ್ಟಿಗೆ ಬಿಗಿ ಮುಚ್ಚಳದ ಡಬ್ಬಿ. ಸಬಕಾರ. ಇಷ್ಟೇ. ವಾಟಗ ಕೂಸಿಗೇ ಬೇರೆ ಇರಲಿ, ಇಲ್ಲದಿದ್ದರೆ ಎಷ್ಟು ಉಂಡಿತು ಎಂಬ ಲೆಕ್ಕ ಎಂದಿಗೂ ಸಿಗುವುದಿಲ್ಲ.

ನಿಪ್ಪಲ್ ಬಾಟಲಿ ಮನೆಯೊಳಗೆ ಬೇಡ. ಅದರ ಮೂಲೆಗಳನ್ನು ತೊಳೆಯುವುದು ಆಗದ ಮಾತು. ನೀರು ಕುಡಿಸಲು ಲೋಟ ಮತ್ತು ಚಮಚ ಸಾಕು. ಮಿಕ್ಸಿಯನ್ನು ಮೊದಲ ವಾರ ಬೇಕಾದರೆ ಹಚ್ಚಿ, ಆಮೇಲೆ ಮುಚ್ಚಿಡಿ. ಕೈಯಿಂದ ಕಿವುಚಿದ್ದೇ ಸರಿ.

ಹಂತ 4: ಹಿಟ್ಟು ಮಾಡಿಕೊಳ್ಳುವುದು

ಇಲ್ಲಿ ಅವಸರ ಬೇಡ, ಬಹಳ ಜನ ಎಡವುವುದು ಇಲ್ಲೇ.

ಒಂದು ಕೆಜಿ ರಾಗಿಯನ್ನು ಕಲ್ಲು ಆರಿಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಒಂದು ರಾತ್ರಿ ನೆನೆಸಿ. ಮರುದಿನ ನೀರು ಬಸಿದು, ಒದ್ದೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದೆರಡು ದಿನ ಇಡಿ, ನಡುನಡುವೆ ನೀರು ಚಿಮುಕಿಸಿ. ಬೆಳ್ಳಗೆ ಎಳೆ ಮೊಳಕೆ ಕಂಡಾಗ ಬಿಚ್ಚಿ ಬಿಸಿಲಿಗೆ ಹರವಿ. ಗರಿಗರಿ ಒಣಗಿದ ಮೇಲೆ ಅಂಗೈಯಲ್ಲಿ ತಿಕ್ಕಿ ಕೇರಿದರೆ ಮೊಳಕೆಯ ಎಳೆಗಳು ಹಾರಿಹೋಗುತ್ತವೆ. ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಹುರಿಯಿರಿ. ಬೇರೆ ಬಾಣಲಿಯಲ್ಲಿ ಹೆಸರು ಬ್ಯಾಳಿಯನ್ನು ಹುರಿದುಕೊಳ್ಳಿ. ಮೂರು ಪಾಲು ರಾಗಿಗೆ ಒಂದು ಪಾಲು ಹೆಸರು. ಗದಗ, ಧಾರವಾಡದ ಎರೆ ಹೊಲದ ಹೊಸ ಹೆಸರು ಸಿಕ್ಕರೆ ಬಿಡಬೇಡಿ, ಅದರ ಘಮವೇ ಬೇರೆ.

ಗಿರಣಿಗೆ ನೀವೇ ಹೋಗಿ. ನಮ್ಮ ಮುಂದಿನವರು ಏನು ಬೀಸಿಸಿದರು ಎಂದು ಕೇಳಿ, ಮೊದಲ ಮುಷ್ಟಿ ಹಿಟ್ಟನ್ನು ದೊಡ್ಡವರ ರೊಟ್ಟಿಗೆ ಎತ್ತಿಡಿ. ಖಾರ ಕುಟ್ಟುವ ಯಂತ್ರ ಪಕ್ಕದಲ್ಲೇ ಇರುವ ಗಿರಣಿಯಾದರೆ ಡಬ್ಬಿಯ ಮುಚ್ಚಳ ಹಾಕಿಕೊಂಡೇ ನಿಲ್ಲಿ. ಬ್ಯಾಡಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಚ್ಚರಿಕೆ: ಜೋಳವನ್ನು ಮೊಳಕೆ ಬರಿಸಬೇಡಿ. ಎಳೆ ಜೋಳದ ಬೆಳೆ ಮೇಯ್ದ ದನ ಹೊಟ್ಟೆಯುಬ್ಬಿ ಬೀಳುವುದನ್ನು ಒಕ್ಕಲುತನದವರು ಕಂಡಿರುತ್ತಾರೆ. ಆ ವಿಷಕಾರಿ ಅಂಶವೇ ಜೋಳದ ಮೊಳಕೆಯಲ್ಲೂ ಇದೆ. ಮೊಳಕೆ ಇಲ್ಲದ ಜೋಳದ ನುಚ್ಚು ಮಾತ್ರ ಧಾರಾಳವಾಗಿ ಕೊಡಬಹುದು.

ಆಷಾಢ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಧಾರವಾಡದಲ್ಲಿ ಆಗ ಬಟ್ಟೆಯೇ ಒಣಗುವುದಿಲ್ಲ, ರಾಗಿ ಹೇಗೆ ಒಣಗೀತು? ಮುಗ್ಗಲು ವಾಸನೆ ಬಂದ ಹಿಟ್ಟು, ಕಪ್ಪು ಚುಕ್ಕೆಯ ಶೇಂಗಾ ಎರಡನ್ನೂ ಚೆಲ್ಲಿ. ಹುರಿದು ವಾಸನೆ ಹೋಗಿಸಿದರೆ ವಿಷ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಲು ಪುರಸೊತ್ತಿಲ್ಲದವರಿಗೆ ಅಂಗನವಾಡಿಯ ಪುಷ್ಟಿ ಹಿಟ್ಟು ಇದೆ. ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೆ ಕೊಡುವ ಪಾಲು ಅದು, ಕೂಸಿನ ಹಕ್ಕು. ತಂದು ಎಮ್ಮಿಗೆ ಹಾಕಬೇಡಿ.

ಹಂತ 5: ಮೊದಲ ಹದಿನೈದು ದಿನ

ಮುಂಜಾನೆಯ ಹೊತ್ತು, ನಿದ್ದೆಯಾಗಿ ಕೂಸು ಖುಷಿಯಲ್ಲಿದ್ದಾಗ ಶುರು ಮಾಡಿ. ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ರಾಗಿ ಗಂಜಿ, ಹೆಸರು ಬ್ಯಾಳಿ ಹಾಕಿ ಬೇಯಿಸಿದ ಮೆತ್ತನ ಅನ್ನ, ಕಿವುಚಿದ ಬಾಳಿಹಣ್ಣು, ಬೇಯಿಸಿದ ಕುಂಬಳ, ಗಜ್ಜರಿ. ಹೊಸದೊಂದನ್ನು ಕೊಟ್ಟ ಮೇಲೆ ಎರಡು ಮೂರು ದಿನ ನೋಡಿ, ಆಮೇಲೆ ಮುಂದಿನದು.

ಮೊದಮೊದಲು ನಾಲಿಗೆಯಿಂದ ಹೊರದಬ್ಬುತ್ತದೆ. "ಒಲ್ಲೆ ಅಂತೈತಿ" ಎಂದು ಅಂದೇ ಕೈಬಿಡುವುದು ದೊಡ್ಡ ತಪ್ಪು. ಅದು ಮೊಲೆ ಚೀಪುವ ನಾಲಿಗೆಯ ರೂಢಿ. ಒಂದೇ ತಿನಿಸನ್ನು ಹತ್ತು ಸಲ ಕೊಟ್ಟ ಮೇಲೆ ಒಪ್ಪುವ ಕೂಸುಗಳೂ ಇವೆ.

ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಬಿಟ್ಟು, ಕೂಸಿನ ಮೈಯನ್ನೇ ಸಡಿಲ ಮಾಡಿಬಿಡುತ್ತದೆ. ಉಪ್ಪು, ಸಕ್ಕರೆ ಬೇಡ, ಪೇಢೆಯ ಚೂರೂ ಬೇಡ. "ಉಪ್ಪಿಲ್ಲದ್ದ ಹೆಂಗ ಉಣಬೇಕ್ರಿ" ಎಂದು ಅಜ್ಜಿ ಕೇಳುತ್ತಾಳೆ. ಉಪ್ಪಿನ ರುಚಿಯೇ ಗೊತ್ತಿಲ್ಲದ ನಾಲಿಗೆ ಅದು, ಕೇಳುವುದೂ ಇಲ್ಲ.

ಹಂತ 6: ದಪ್ಪ ಸರಿಯಾಗಿದೆಯೇ?

ಇಡೀ ಲೇಖನದಲ್ಲಿ ಒಂದೇ ಹಂತ ಓದುವವರು ಇದನ್ನು ಓದಿ. ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿ. ಥಟ್ಟನೆ ಹರಿದು ಬಿದ್ದರೆ ಅದು ಕುಡಿಯುವ ಪದಾರ್ಥ. ಚಮಚದಲ್ಲೇ ನಿಂತು, ಆಮೇಲೆ ಮೆಲ್ಲಗೆ ಜಾರಿದರೆ ಊಟ. ಎಂಟು ತಿಂಗಳ ಕೂಸಿನ ಹೊಟ್ಟೆ ಸಣ್ಣದು, ಒಂದು ಸಲಕ್ಕೆ ಒಂದು ವಾಟಗಕ್ಕಿಂತ ಕಡಿಮೆ ಹಿಡಿಯುತ್ತದೆ. ಆ ಜಾಗದಲ್ಲಿ ಕಟ್ಟು ತುಂಬಿದರೆ ಗಟ್ಟಿ ಬ್ಯಾಳಿ ಎಲ್ಲಿ ಹೋಗಬೇಕು? ಕಟ್ಟು ದೊಡ್ಡವರ ಸಾರಿಗಿರಲಿ. ಕೆಳಗೆ ಕೂತ ಬ್ಯಾಳಿಯನ್ನು ಕೂಸಿಗೆ ಹಾಕಿ.

ಬರೀ ದಪ್ಪ ಗಂಜಿ ಅಂಟಂಟಾಗಿ ಕೂಸು ನುಂಗಲಾರದು ಎನ್ನುವ ತಕರಾರು ಖರೆ. ಮೊಳಕೆ ಹಿಟ್ಟಿನ ಗುಟ್ಟು ಇರುವುದು ಅಲ್ಲಿಯೇ. ದಪ್ಪ ಗಂಜಿ ಕಾಯಿಸಿ, ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಬಿಡಿ, ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ತಿರುವಿ. ಸೌಟಿಗೆ ಮೆತ್ತಿಕೊಂಡಿದ್ದ ಮುದ್ದೆ ಕಣ್ಣೆದುರೇ ಸಡಿಲಾಗಿ ಪಾಯಸದ ಹದಕ್ಕೆ ಬರುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹೀಗಾಗುತ್ತದೆ. ಮತ್ತೊಂದು ಕುದಿ ಬರಿಸಿ ಇಳಿಸಿ, ಈ ಕುದಿ ತಪ್ಪಿಸಬೇಡಿ. ನೀರು ಹಾಕಿ ತೆಳ್ಳಗೆ ಮಾಡಿದ್ದೂ ಇದೂ ನೋಡಲು ಒಂದೇ ಥರ ಕಂಡರೂ ಇದರಲ್ಲಿ ಹಿಟ್ಟು ಅಷ್ಟೂ ಇರುತ್ತದೆ. ರಾಗಿಯನ್ನು ಕಪ್ಪಗಾಗುವಂತೆ ಹುರಿದಿದ್ದರೆ ಮಾತ್ರ ಇದು ನಡೆಯುವುದಿಲ್ಲ, ಕಿಣ್ವ ಸತ್ತಿರುತ್ತದೆ. ಸಣ್ಣ ಉರಿ ಎಂದು ಹಿಂದೆ ಹೇಳಿದ್ದು ಇದಕ್ಕೇ.

ಬಡಿಸಿದ ಮೇಲೆ ಒಂದು ಸಣ್ಣ ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ. ಅಷ್ಟರಲ್ಲೇ ಸುಮಾರು 45 ಕ್ಯಾಲರಿ.

ಎಷ್ಟು ಸಲ, ಎಷ್ಟು ಪ್ರಮಾಣ? ಆರರಿಂದ ಎಂಟು ತಿಂಗಳು: ದಿನಕ್ಕೆ ಎರಡು ಮೂರು ಊಟ, ಚಮಚಗಳಿಂದ ಮೆಲ್ಲಗೆ ಅರ್ಧ ವಾಟಗಕ್ಕೆ. ಒಂಬತ್ತರಿಂದ ಹನ್ನೊಂದು: ಮೂರು ನಾಲ್ಕು ಸಲ ಅರ್ಧ ವಾಟಗ, ನಡುವೆ ಒಂದೆರಡು ಸಲ ಹಣ್ಣು, ಮೆತ್ತನ ರೊಟ್ಟಿ ಹಾಲಿನಲ್ಲಿ ಕಿವುಚಿದ್ದು. ವರ್ಷ ದಾಟಿದರೆ ಮುಕ್ಕಾಲರಿಂದ ಪೂರ್ತಿ ವಾಟಗ, ಮನೆಮಂದಿಯ ತಾಟಿನ ಊಟವೇ, ಖಾರ ಬಿಟ್ಟು. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ನಡೆಯಲಿ.

ಹಂತ 7: ಕಬ್ಬಿಣ

ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣದ ಗಂಟು ಆರು ತಿಂಗಳಿಗೆ ಕರಗುತ್ತ ಬರುತ್ತದೆ. ಎದೆಹಾಲಿನಲ್ಲಿ ಅದು ಕಡಿಮೆ, ಎಮ್ಮಿ, ಆಕಳ ಹಾಲಿನಲ್ಲೂ ಕಡಿಮೆ. ಹಾಲು ಕುಡಿದು ಗುಂಡಗಾದ, ಆದರೆ ಅಂಗೈ ಬೆಳ್ಳಗಿರುವ ಕೂಸುಗಳನ್ನು ನೋಡಿದರೆ ಮನೆಯವರು "ಕೆಂಪಗ, ದುಂಡಗ ಐತಿ" ಎಂದು ದೃಷ್ಟಿ ತೆಗೆಯುತ್ತಿರುತ್ತಾರೆ. ವರ್ಷದೊಳಗೆ ಮೇಲಿನ ಹಾಲನ್ನು ಮುಖ್ಯ ಕುಡಿತವಾಗಿ ಕೊಡಬೇಡಿ, ಕೆಲ ಕೂಸುಗಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುತ್ತದೆ. ಅಡುಗೆಗೆ ಬಳಸಿದ ಹಾಲು, ಹುಳಿಯಿಲ್ಲದ ಮೊಸರು ನಡೆಯುತ್ತದೆ.

ರಾಜಗಿರಿ, ಮೆಂತೆ ಪಲ್ಯವನ್ನು ಬ್ಯಾಳಿಯ ಜೊತೆ ಬೇಯಿಸಿ, ಇಳಿಸಿದ ಮೇಲೆ ನಾಲ್ಕು ಹನಿ ಲಿಂಬಿ ಹಿಂಡಿ. ಹುಳಿಯಿಂದ ಕಬ್ಬಿಣ ಮೈಗೆ ಹತ್ತುತ್ತದೆ. ತಿನ್ನುವ ಮನೆಯವರು ಪೂರ್ತಿ ಬೆಂದ ತತ್ತಿ, ಕಿವುಚಿದ ಲಿವರ್, ಮಾಂಸ ಕೊಡಬಹುದು, ವರ್ಷದ ತನಕ ಕಾಯಬೇಕಿಲ್ಲ. ಆಶಾ ಅಕ್ಕಾರು ಕೊಡುವ ಕಬ್ಬಿಣದ ಔಷಧ ವಾರಕ್ಕೆ ಎರಡು ಸಲ, ಸಲಕ್ಕೆ 1 ಎಂಎಲ್. ಮಲ ಕಪ್ಪಗಾದರೆ ಹೆದರಬೇಡಿ. ಬಿಸ್ಕೀಟು ಚಹಾ ಮಾತ್ರ ಎರಡು ಕಡೆಯಿಂದ ಹೊಡೆತ: ಹಸಿವು ಸಾಯುತ್ತದೆ, ಇದ್ದ ಕಬ್ಬಿಣವೂ ಮೈಗೆ ಹತ್ತದೆ ಹೋಗುತ್ತದೆ.

ಹಂತ 8: ಉಣಿಸುವ ರೀತಿ

ಎದುರಿಗೆ ಕೂರಿಸಿ, ಕಣ್ಣು ನೋಡಿ, ಮಾತಾಡುತ್ತ ಉಣಿಸಿ. ಬಾಯಿ ತೆರೆದಾಗ ಕೊಡಿ, ಮುಖ ತಿರುಗಿಸಿದಾಗ ನಿಲ್ಲಿಸಿ. ತೊಡೆಯ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಸುರಿಯುವ ಪದ್ಧತಿ ಇನ್ನೂ ಇದೆ. ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಇತ್ತ ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಮೊಬೈಲ್ ಹಿಡಿಸಿ, ಇಲ್ಲವೇ ರಸ್ತೆಯಲ್ಲಿ ನಿಂತು "ಚಿಗರಿ ಬಸ್ ಬಂತ ನೋಡ" ಎನ್ನುತ್ತ ತುರುಕುವ ಪದ್ಧತಿ. ಎರಡರಲ್ಲೂ ಕೂಸಿಗೆ ತಾನು ಉಂಡದ್ದು ಗೊತ್ತೇ ಆಗುವುದಿಲ್ಲ. ಒಂಬತ್ತು ತಿಂಗಳಾದ ಮೇಲೆ ಅದರ ಕೈಗೂ ಒಂದಿಷ್ಟು ಕೊಡಿ. ಚೆಲ್ಲುತ್ತದೆ, ಚೆಲ್ಲಲಿ.

ಇಡೀ ಶೇಂಗಾ, ಪುಟಾಣಿ (ಹುರಿಗಡಲೆ), ದ್ರಾಕ್ಷಿ, ಹಸಿ ಗಜ್ಜರಿ ಚೂರು ಗಂಟಲಿಗೆ ಸಿಗುವ ವಸ್ತುಗಳು. ಶೇಂಗಾ ಪುಡಿ ಮಾಡಿಯೇ ಹಾಕಿ. ಸಿಕ್ಕಿಕೊಂಡು ಕೆಮ್ಮು, ಅಳು ಎರಡೂ ನಿಂತರೆ: ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ ಬೆನ್ನಿನ ನಡುವೆ ಐದು ಏಟು, ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಒತ್ತು, ಹೊರಬರುವ ತನಕ ಮತ್ತೆ ಮತ್ತೆ. ಕಣ್ಣಿಗೆ ಕಾಣದೆ ಬಾಯಿಗೆ ಬೆರಳು ಹಾಕಿ ತಡಕಾಡಬೇಡಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಹೊಲದಿಂದ ಬಂದ ತಾಯಿ ಕೂಸನ್ನು ಎತ್ತುವ ಮೊದಲು ಸೀರೆ ಬದಲಿಸಿ, ಮೊಣಕೈವರೆಗೆ ಸಬಕಾರ ಹಚ್ಚಿ ತೊಳೆಯಲಿ. ಎಣ್ಣೆ (ಕೀಟನಾಶಕ) ಹೊಡೆದ ಹತ್ತಿ, ಬಿಡಿಸಿದ ಮೆಣಸಿನಕಾಯಿ ಎರಡೂ ಕೈಗೆ ಅಂಟಿಕೊಂಡು ಮನೆಗೆ ಬರುತ್ತವೆ.

ಹಂತ 9: ಭೇದಿ, ಜ್ವರ ಬಂದಾಗ

"ಹಲ್ಲ ಬರಾಕತ್ತಾವ, ಅದಕ್ಕ ಭೇದಿ" ಎಂದು ಸುಮ್ಮನಿರಬೇಡಿ. ಹಲ್ಲಿನಿಂದ ಭೇದಿಯಾಗುವುದಿಲ್ಲ, ನೆಲದ ಮೇಲಿನದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು. ಓಆರ್‌ಎಸ್ ದೊಡ್ಡ ಪಾಕೀಟನ್ನು ಒಂದೇ ಸಲಕ್ಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ, ಚಮಚದಿಂದ ಕುಡಿಸುತ್ತಿರಿ. 24 ತಾಸಿನ ಮೇಲೆ ಉಳಿದದ್ದು ಚೆಲ್ಲಿ. ಆರು ತಿಂಗಳು ದಾಟಿದ ಕೂಸಿಗೆ ಝಿಂಕ್ 20 ಎಂಜಿ, ದಿನಕ್ಕೊಂದರಂತೆ 14 ದಿನ, ಭೇದಿ ನಿಂತ ಮೇಲೂ. ಹಾಲು, ಊಟ ನಿಲ್ಲಿಸಬೇಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳುತ್ತದೆ.

ಹಂತ 10: ತೂಗಿ, ಗೆರೆ ನೋಡಿ

ಪ್ರತಿ ತಿಂಗಳು ಒಂದೇ ತಕ್ಕಡಿಯಲ್ಲಿ, ಕುಂಚಿಗಿ, ಬೆಳ್ಳಿ ಉಡದಾರ ತೆಗೆದು ತೂಗಿಸಿ, ತಾಯಿ ಕಾರ್ಡಿನಲ್ಲಿ ಚುಕ್ಕೆ ಹಾಕಿಸಿ. ಆರು ತಿಂಗಳ ನಂತರ ತೂಕ ಏರುವ ವೇಗ ತಾನಾಗಿಯೇ ಇಳಿಯುತ್ತದೆ. ಸರಾಸರಿ ಹೆಣ್ಣು ಕೂಸು ಆರಕ್ಕೆ 7.3 ಕೆಜಿ, ವರ್ಷಕ್ಕೆ 8.9 ಕೆಜಿ, ಗಂಡು 7.9ರಿಂದ 9.6ಕ್ಕೆ. ಆದ್ದರಿಂದ ಏರಿಕೆ ಸಣ್ಣದೆಂದು ಗಾಬರಿಯಾಗಿ ಡಬ್ಬಿ ಪುಡಿ ತರಬೇಡಿ. ಗೆರೆ ಎರಡು ತಿಂಗಳು ಅಡ್ಡ ಹೋದರೆ ಮಾತ್ರ ಹಂತ 1 ಮತ್ತು 6ನ್ನು ತಿರುಗಿ ನೋಡಿ, ಕೂಸನ್ನು ಡಾಕ್ಟರಿಗೆ ತೋರಿಸಿ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆ ವಿಟಮಿನ್ ಎ ಹನಿ ಹಾಕಿಸಲು ಮರೆಯಬೇಡಿ.

ಕಾಯಬಾರದ ಗುರುತುಗಳು: ಮೊಲೆ ಹಿಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಪಕ್ಕೆ ಒಳಗೆ ಸೆಳೆಯುವ ಉಸಿರು, ಮಲದಲ್ಲಿ ರಕ್ತ, ಆರು ತಾಸು ಉಚ್ಚೆ ಇಲ್ಲದಿರುವುದು. ಎರಡೂ ಪಾದಗಳನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟಾಗ ಕುಣಿ ಉಳಿದರೆ ಅದು ಮೈ ತುಂಬಿಕೊಂಡದ್ದಲ್ಲ, ಬಾವು. ಅಂಗನವಾಡಿಯ ಟೇಪಿನಲ್ಲಿ ಎಡ ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು.

ಕೆಂಪು ಬಂದ ದಿನವೇ ಹೊರಡಿ. ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಯಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಎಲ್ಲಿದೆ ಎಂದು ಕೇಳಿ. ಸಾಮಾನ್ಯವಾಗಿ ಎರಡು ವಾರ ಇಟ್ಟುಕೊಳ್ಳುತ್ತಾರೆ. ತಾಯಿಗೂ ಅಲ್ಲೇ ಊಟ, ಬಿಟ್ಟ ಕೂಲಿಗೆ ಒಂದಿಷ್ಟು ಹಣವೂ ಇದೆ, ಕೇಳಿ ಪಡೆಯಿರಿ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡು ಜೊತೆ ಬಟ್ಟೆ, ಕೂಸಿನ ವಾಟಗ ಚೀಲದಲ್ಲಿರಲಿ. ದೊಡ್ಡ ಕೂಸೊಂದು ಮನೆಯಲ್ಲಿದ್ದರೆ ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿ. ಎಷ್ಟೋ ತಾಯಂದಿರು ಮೂರನೇ ದಿನಕ್ಕೆ ವಾಪಸ್ ಬರುವುದು ಅದೊಂದೇ ಕಾರಣಕ್ಕೆ.